ಮೂಗಿಗೆಂದು ಕೊಟ್ಟ ಮಾತ್ರೆ

ಕ್ಷೌರದ ಕತ್ತಿ ಹಿಡಿದವನಿಗೆ ನೆಗಡಿಯಾಗಬಾರದು. ಗಿರಾಕಿಯ ಕುತ್ತಿಗೆಯ ಮೇಲೆ ಕತ್ತಿ ಆಡುವಾಗ ಸೀನು ಬಂದರೆ ಗತಿಯೇನು? ಹಾಗಾಗಿ ಮೂಗು ಸುರಿಯತೊಡಗಿದರೆ ಸಾಕು, ಔಷಧಿ ಅಂಗಡಿಯಿಂದ ಮಾತ್ರೆ ತಂದು ಗಂಡನ ಕೈಗಿಡುವುದು ಆ ಕ್ಷೌರಿಕನ ಹೆಂಡತಿಯ ರೂಢಿ. ಅರವತ್ತು ದಾಟಿದರೂ ಆತ ಕೆಲಸ ಬಿಟ್ಟಿರಲಿಲ್ಲ.

ಈ ಸಲ ನೆಗಡಿ ಬೇಗ ಬಿಡಲಿಲ್ಲ, ಮಾತ್ರೆಯೂ ನಿಲ್ಲಲಿಲ್ಲ. ಆತ ಘಳಿಗೆಗೊಮ್ಮೆ ಬಚ್ಚಲಿಗೆ ಹೋಗಿ, ಬಹಳ ಹೊತ್ತು ನಿಂತು, ಬೆವರುತ್ತ ಹೊರಬರುತ್ತಿದ್ದ.

ಪಕ್ಕದ ಮನೆಯ ನರ್ಸಮ್ಮ ಕ್ಷೌರದಂಗಡಿಯ ಟವಲುಗಳನ್ನು ಮಡಚಲು ಕೈಜೋಡಿಸುತ್ತ ಕೇಳಿದಳು: "ಅಕ್ಕಾ, ಯಜಮಾನ್ರಿಗೆ ಮೂತ್ರ ಸರಾಗವಾಗಿ ಹೋಗುತ್ತಾ?"

"ವಯಸ್ಸಾಯ್ತಲ್ಲ, ನಿಧಾನ. ಈಗ ನೆಗಡಿ ಬೇರೆ. ಮಾತ್ರೆ ಕೊಡ್ತಿದ್ದೀನಿ."

"ಅದನ್ನ ನಿಲ್ಸಿ. ಕೆಲವು ನೆಗಡಿ ಮಾತ್ರೆ ಮೂತ್ರ ಕಟ್ಟಿಸ್ತವೆ. ನಾಳೆ ಆಸ್ಪತ್ರೆಗೆ ಕರ್ಕೊಂಡು ಬನ್ನಿ."

ಅವಳಿಗೆ ನಗು ಬಂತು. "ಮೂಗೆಲ್ಲಿ, ಅದೆಲ್ಲಿ! ನೀನೊಬ್ಬಳು ಸರಿಹೋದೆ ಕಣೇ."

ಮರುದಿನ ಬೆಳಿಗ್ಗೆ ಆತನಿಗೆ ಒಂದು ಹನಿಯೂ ಇಳಿಯಲಿಲ್ಲ. ನೀರು ಸಾಲದೆಂದು ಅವಳೇ ಚೊಂಬು ತುಂಬ ಕುಡಿಸಿದಳು. ಮಾತ್ರೆಯನ್ನೂ ನುಂಗಿಸಿದಳು. ಮಧ್ಯಾಹ್ನದ ಹೊತ್ತಿಗೆ ಕಿಬ್ಬೊಟ್ಟೆ ಕಲ್ಲಾಗಿತ್ತು. ಆತ ಕತ್ತಿಯನ್ನು ಜೋಪಾನವಾಗಿ ಮಡಚಿಟ್ಟು ಕುಸಿದ. ಕುರ್ಚಿಯಲ್ಲಿದ್ದ ಗಿರಾಕಿ ಕೆನ್ನೆಯ ನೊರೆಯನ್ನೂ ಒರೆಸಿಕೊಳ್ಳದೆ ಆತನನ್ನು ತನ್ನ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದ.

ನಳಿಕೆ ಹಾಕಿ ಮೂತ್ರ ತೆಗೆದರು. "ತುಂಬಾ ದಿನದಿಂದ ಮೂತ್ರ ಒಳಗೇ ಉಳೀತಿತ್ತು. ಕಿಡ್ನಿಗೂ ಪೆಟ್ಟು ಬಿದ್ದಿದೆ," ಎಂದರು ಡಾಕ್ಟರು. "ಎಷ್ಟು ಸುಧಾರಿಸುತ್ತೋ ಈಗಲೇ ಹೇಳೋಕಾಗಲ್ಲ."

ಅವಳು ಮಂಚದ ಪಕ್ಕ ಕುಳಿತಳು. ಅದೇ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ನರ್ಸಮ್ಮ ಹತ್ತಿರ ಬಂದಳು. ಬೆನ್ನು ಸವರಿದಳು.

"ಮೂಗಿನ ಮಾತ್ರೆ ಅಲ್ಲಿಗೆ ಹೇಗೆ ಹೋಯ್ತೇ?"

"ರಕ್ತದ ಜೊತೆ ಮೈಯೆಲ್ಲ ಸುತ್ತುತ್ತೆ ಅಕ್ಕಾ. ಮೂತ್ರದ ದಾರೀಲಿ ಸ್ನಾಯು ಇದೆ. ಒಂದು ಬಗೆಯ ನರ ಅದನ್ನ ಬಿಗಿ ಹಿಡಿಸುತ್ತೆ. ಹೋಗೋ ಹೊತ್ತಿಗೆ ಆ ಬಿಗಿ ಸಡಿಲ ಆಗ್ಬೇಕು, ಇನ್ನೊಂದು ಬಗೆಯ ನರ ಮೂತ್ರಚೀಲ ಹಿಂಡಿಸ್ಬೇಕು. ಕಟ್ಟಿದ ಮೂಗು ಬಿಡಿಸೋ ಮದ್ದು ಆ ಸ್ನಾಯುವನ್ನ ಇನ್ನೂ ಬಿಗಿಯುತ್ತೆ. ಸೀನು ನಿಲ್ಲಿಸೋ ಕೆಲವು ಮದ್ದು ಚೀಲದ ಬಲ ತಗ್ಗಿಸುತ್ತೆ. ಯಜಮಾನ್ರಿಗೆ ಆ ದಾರಿ ಸುತ್ತ ಇರೋ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿ ದಾರಿ ಮೊದಲೇ ಇಕ್ಕಟ್ಟಾಗಿತ್ತು."

"ಸಡಿಲ ಮಾಡೋ ಮಾತ್ರೆ ಇಲ್ವಾ?"

"ಇದೆ, ಶುರು ಮಾಡಿದ್ದಾರೆ. ಅದನ್ನ ತಗೊಂಡಾಗ ಥಟ್ಟನೆ ಎದ್ರೆ ತಲೆ ಸುತ್ತಬಹುದು. ಕೈ ಹಿಡಿದು ಏಳಿಸಿ."

ಕೆಲವು ದಿನದ ಮೇಲೆ ನಳಿಕೆ ತೆಗೆದು ನೋಡಿದರು. ಮೂತ್ರ ಬರಲಿಲ್ಲ. ಮತ್ತೆ ಹಾಕಿದರು. ಆತ ಗೋಡೆಯ ಕಡೆ ಮುಖ ಮಾಡಿದ. "ನಾಚಿಕೆ ಕಣೆ. ಮೊದಲೇ ಹೇಳ್ಬೇಕಿತ್ತು."

"ನಾನಾದ್ರೂ ಕೇಳ್ಬೇಕಿತ್ತು," ಎಂದು ಅವಳು, ನೋಡಲು ಬಂದವರಿಗೆ ಕಾಣದಂತೆ, ನಳಿಕೆಗೆ ಸೇರಿಸಿದ್ದ ಮೂತ್ರದ ಚೀಲದ ಮೇಲೆ ಹೊದಿಕೆ ಎಳೆದಳು.

ಆಗಲೇ ಆತನ ಅಣ್ಣ ಮೂಗೊರೆಸಿಕೊಳ್ಳುತ್ತ ಒಳಬಂದ. ಅವಳು ನೇರವಾಗಿ ಕೇಳಿದಳು: "ಭಾವಾ, ನಿಮಗೆ ಮೂತ್ರ ಸರಾಗವಾಗಿ ಹೋಗುತ್ತಾ?"

"ಇದೇನಮ್ಮ, ಎಲ್ಲರೆದುರು..." ಎಂದು ಭಾವ ನೆಲ ನೋಡಿದ.

ಅವಳು ಎದ್ದಳು. "ಬನ್ನಿ, ಡಾಕ್ಟರು ಇನ್ನೂ ಇದ್ದಾರೆ."

ಓದುಗರೇ, ನೀವೂ ಇಂದೇ ನಿಮ್ಮ ಮನೆಯ ಹಿರಿಯರನ್ನು ಕೇಳಿ. ಮೂತ್ರ ಸಣ್ಣಗೆ, ತಡೆದು ತಡೆದು ಹೋಗುತ್ತಿದ್ದರೆ ವೈದ್ಯರಿಗೆ ತೋರಿಸಿ; ಅವರನ್ನು ಕೇಳದೆ ನೆಗಡಿ ಮಾತ್ರೆ ಕೊಡಬೇಡಿ. ಮೂತ್ರ ಪೂರ್ತಿ ಕಟ್ಟಿದರೆ ನೀರು ಕುಡಿಸುತ್ತ ಮನೆಯಲ್ಲಿ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಕೇಳಲು ಸಂಕೋಚವಾದೀತು. ಆದರೂ ಕೇಳಿ.