ಗುಂಪು ಬಿಟ್ಟವರು

ರೈಲು ಸ್ಟೇಷನ್ ದಾಟಿ ವೇಗ ಹಿಡಿದ ಮೇಲೆ ಮೇಡಂ ಎದ್ದು ನಿಂತು, ಸೀಟಿನ ಹಿಂಬದಿ ಹಿಡಿದುಕೊಂಡು, ಎಂದಿನಂತೆ ತಲೆ ಎಣಿಸಿದರು. ಎರಡು ಕಡಿಮೆ ಬಂತು. ಹುಡುಗರು ಒಬ್ಬರ ಮೇಲೊಬ್ಬರು ಒರಗಿಕೊಂಡು, ಜಾಗ ಬದಲಾಯಿಸುತ್ತ ಕೂತಿದ್ದರಿಂದ ತಪ್ಪಿರಬೇಕೆಂದು ಮತ್ತೆ ಎಣಿಸಿದರು. ಮತ್ತೂ ಎರಡು ಕಡಿಮೆ. ಆಗ ಕಿಟಕಿ ಪಕ್ಕದ ಖಾಲಿ ಸೀಟಿನ ಮೇಲೆ ತಮ್ಮ ಮಗಳ ಚೀಲ ಕಣ್ಣಿಗೆ ಬಿತ್ತು. ಅದರ ಹೊರಗಿನ ಜೇಬಿನಿಂದ ಫೋನು ಅರ್ಧ ಇಣುಕುತ್ತಿತ್ತು.

"ಇಲ್ಲಿ ಕೂತಿದ್ದವರೆಲ್ಲಿ?"

ಎದುರು ಸೀಟಿನ ಹುಡುಗಿ ಕಿವಿಯಿಂದ ಹಾಡು ಕೇಳುವ ತಂತಿ ಕಿತ್ತಳು. "ಹಿಂದಿನ ಸ್ಟೇಷನ್ನಲ್ಲಿ ಇಳಿದ್ರು ಮೇಡಂ, ಅವಳೂ ಪಿಸೂನೂ. ಈಗ ಬರ್ತೀವಿ ಅಂದ್ರು, ಇಬ್ರ ಫೋನೂ ಇಲ್ಲೇ ಇದೆ. ಬೇರೆ ಡಬ್ಬಿ ಹತ್ತಿರ್ತಾರೆ ಅಂದ್ಕೊಂಡ್ವಿ."

ಹತ್ತಿರಲಿಲ್ಲ. ಮೇಡಂ ಜೊತೆಗೆ ಬಂದಿದ್ದ ಕಿರಿಯ ಮೇಷ್ಟ್ರು ರೈಲಿನ ಆ ತುದಿಯಿಂದ ಈ ತುದಿವರೆಗೆ ನೋಡಿಕೊಂಡು ಬಂದು ತಲೆಯಾಡಿಸಿದರು. ಅವರ ಎತ್ತರಕ್ಕೆ ಹುಡುಗರು ಅವರನ್ನು ಏಣಿ ಸರ್ ಅನ್ನುತ್ತಿದ್ದರು. ಪರದೇಶದ ಜನಜಂಗುಳಿಯಲ್ಲಿ ಅವರ ತಲೆಯನ್ನೇ ಬಾವುಟ ಮಾಡಿಕೊಂಡು ಹಿಂಬಾಲಿಸುತ್ತಿದ್ದರು. ಈಗ ಡಬ್ಬಿಯಲ್ಲಿದ್ದವರೆಲ್ಲ ಅವರನ್ನು ಬಿಟ್ಟು ಮೇಡಂ ಮುಖವನ್ನೇ ನೋಡುತ್ತಿದ್ದರು. ಕಳೆದುಹೋದವಳು ಬೇರೆ ಯಾರೋ ಆಗಿದ್ದರೆ ಅಷ್ಟು ಕಣ್ಣುಗಳು ತಮ್ಮ ಮೇಲೆ ನೆಟ್ಟಿರುತ್ತಿರಲಿಲ್ಲ ಅನ್ನಿಸಿತು ಅವರಿಗೆ.

ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳನ್ನು ಹೊರದೇಶಕ್ಕೆ ಕರೆದುಕೊಂಡು ಹೋಗಿ ಕಲಿಸುವ ಈ ಸಣ್ಣ ಕೋರ್ಸನ್ನು ಮೇಡಂ ವರ್ಷಗಳಿಂದ ನಡೆಸುತ್ತಿದ್ದರು. 'ನೀರು ಮತ್ತು ಊರು' ಅಂತ ಅದರ ಹೆಸರು. ಕಾಲುವೆ, ಸೇತುವೆ, ಹಳೆಯ ನೀರಿನ ಗೋಪುರ ಅಂತ ಊರೂರು ಅಲೆದು, ಕಂಡದ್ದನ್ನು ಬರೆದು, ಒಂದು ತಿಂಗಳಲ್ಲಿ ಮುಗಿಸಿಕೊಂಡು ಬರುವುದು. ಈ ಸಲ ಹೊರಡುವ ಹೊತ್ತಿಗೆ ಯಾರೋ ಬಿಟ್ಟುಹೋಗಿ ಒಂದು ಜಾಗ ಖಾಲಿಯಾಯಿತು. ಅದೇ ವಿಭಾಗದಲ್ಲಿ ಎರಡನೇ ವರ್ಷ ಓದುತ್ತಿದ್ದ ಮಗಳು ಅರ್ಜಿ ಹಾಕಿದಳು. ಮೇಡಂಗೆ ಇಷ್ಟವಿರಲಿಲ್ಲ. ಬೇಡ ಅನ್ನಲು ಕಾರಣವೂ ಇರಲಿಲ್ಲ.

"ಬಾ. ಆದರೆ ಅಲ್ಲಿ ನಾನು ನಿನ್ನಮ್ಮ ಅಲ್ಲ," ಅಂದಿದ್ದರು ಅಡುಗೆಮನೆಯಲ್ಲಿ. "ನಿನ್ನ ಪೇಪರು ನಾನು ತಿದ್ದಲ್ಲ, ಸರ್ ತಿದ್ತಾರೆ. ಬೇರೆಯವರಿಗೆ ಏನು ನಿಯಮವೋ ನಿನಗೂ ಅದೇ."

"ಆಯ್ತು ಮೇಡಂ," ಅಂದಿದ್ದಳು ಮಗಳು ಅಲ್ಲೇ, ತಟ್ಟೆ ತೊಳೆಯುತ್ತ. ತಂದೆ ಗೊಳ್ಳೆಂದು ನಕ್ಕಿದ್ದರು.

ಮಗಳು ಆ ಮಾತನ್ನು ಹಟಕ್ಕೆ ಬಿದ್ದಂತೆ ಪಾಲಿಸಿದಳು. ವಿಮಾನದಲ್ಲಿ ದೂರ ಕೂತಳು. ಹಾಸ್ಟೆಲಿನ ಊಟದ ಮನೆಯಲ್ಲಿ ಇನ್ನೊಂದು ಮೇಜು ಹಿಡಿದಳು. ಎದುರಾದರೆ "ಗುಡ್ ಮಾರ್ನಿಂಗ್ ಮೇಡಂ" ಅಂದು ಪಕ್ಕಕ್ಕೆ ಸರಿದಳು. ಮೇಡಂಗೆ ಒಳಗೊಳಗೇ ಚಡಪಡಿಕೆ. ಪಾಠ ಮಾಡುತ್ತಿದ್ದರೆ ಹಿಂದಿನ ಸಾಲಿನಲ್ಲಿ ಅವಳು ಯಾರ ಕಿವಿಯಲ್ಲಿ ಏನು ಹೇಳಿದಳೆಂದು ಕಣ್ಣು ಅತ್ತ ಓಡುತ್ತಿತ್ತು. ಬೆಳಿಗ್ಗೆ ಅವಳ ಕಣ್ಣು ಕೆಂಪಗಿದ್ದರೆ ರಾತ್ರಿಯೆಲ್ಲ ಹರಟಿದ್ದಾಳೆ ಅನ್ನಿಸಿ ಸಿಟ್ಟು, ಹುಷಾರಿಲ್ಲವೋ ಏನೋ ಅನ್ನಿಸಿ ಸಂಕಟ. ಕೇಳುವಂತಿಲ್ಲ. ಮನೆಯಿಂದ ಫೋನು ಮಾಡಿದ ಗಂಡ "ಸರಿಯಾಗಿ ತಿಂತಿದಾಳಾ?" ಅಂದರೆ "ನನಗೇನು ಗೊತ್ತು, ಅವಳನ್ನೇ ಕೇಳಿ" ಎಂದು ರೇಗುತ್ತಿದ್ದರು.

"ಮೇಡಂ, ನೀವು ಬೇಕಾದ್ರೆ ಮುಂದಿನ ಸ್ಟೇಷನ್ನಲ್ಲಿ ಇಳಿದು ವಾಪಸ್ ಹೋಗಿ," ಅಂದರು ಏಣಿ ಮೇಷ್ಟ್ರು ದನಿ ತಗ್ಗಿಸಿ. "ಇವರನ್ನ ನಾನು ನೋಡ್ಕೋತೀನಿ."

"ಬೇಡ. ಮುಖ್ಯಸ್ಥರು ಗುಂಪು ಬಿಡಬಾರದು. ನೀವು ಹೋಗಿ."

ಹೇಳಿದ್ದು ಸರಿಯಾಗಿಯೇ ಇತ್ತು. ನಿಯಮ ಬರೆದವರೇ ಅವರು. ಆದರೆ ಮೇಷ್ಟ್ರು ಇಳಿದು, ಬಾಗಿಲು ಮುಚ್ಚಿಕೊಂಡು, ಅವರ ತಲೆ ಎಲ್ಲರ ತಲೆಗಳ ಮೇಲೆ ತೇಲುತ್ತ ಹಿಂದಕ್ಕೆ ಸರಿಯುವಾಗ ಮೇಡಂ ಬಾಗಿಲಿನ ಹಿಡಿಯನ್ನು ಬಿಟ್ಟಿರಲಿಲ್ಲ.

ಅವತ್ತಿನ ಪಾಠ ಕಾಲುವೆಯ ದಂಡೆಯಲ್ಲಿ. ತಗ್ಗಿನ ನೀರಿನಿಂದ ಎತ್ತರದ ನೀರಿಗೆ ದೋಣಿಗಳನ್ನು ಏರಿಸುವ ದೊಡ್ಡ ಮರದ ಬಾಗಿಲುಗಳಿದ್ದವು ಅಲ್ಲಿ. ಪ್ರತಿ ವರ್ಷ ಮೇಡಂ ಇದನ್ನು ಕಥೆ ಹೇಳಿದ ಹಾಗೆ ಹೇಳಿ ಹುಡುಗರನ್ನು ಬೆರಗುಗೊಳಿಸುತ್ತಿದ್ದರು. ಅವತ್ತು ಹೇಳಿದ್ದನ್ನೇ ಹೇಳಿದರು. ಮೇಲಿನ ಬಾಗಿಲು ಅನ್ನಬೇಕಾದಲ್ಲಿ ಕೆಳಗಿನದು ಅಂದರು. ಯಾರೂ ತಿದ್ದಲಿಲ್ಲ. ನಡುವೆ ಏಣಿ ಮೇಷ್ಟ್ರ ಫೋನು ಬಂತು.

"ಇಲ್ಲಿ ಯಾರೂ ಇಲ್ಲ ಮೇಡಂ. ಟಿಕೆಟ್ ಕೊಡೋಳು ಹೇಳ್ತಿದಾಳೆ, ಇಬ್ರು ಹುಡುಗೀರು ತುಂಬ ಹೊತ್ತು ಬೆಂಚಿನ ಮೇಲೆ ಕೂತಿದ್ರಂತೆ. ಆಮೇಲೆ ಹೊರಗೆ ಹೋದ್ರಂತೆ."

"ಹೊರಗೆ ಅಂದ್ರೆ? ಎಲ್ಲಿಗೆ?"

"ಅದು ಗೊತ್ತಿಲ್ಲ ಅಂತಾಳೆ. ಪೊಲೀಸರಿಗೆ ಹೇಳೋಣ್ವಾ?"

"ಇನ್ನೊಂದಿಷ್ಟು ನೋಡಿ, ಆಮೇಲೆ ಹೇಳೋಣ," ಅಂದು ಮೇಡಂ ಫೋನು ಇಟ್ಟರು. ಹೊರಗೆ ಹೋದರಂತೆ. ಊರು ನೋಡಲು ಹೋಗಿರಬೇಕು. ಅಮ್ಮ ಏನು ಮಾಡಿಬಿಡ್ತಾಳೆ ಅಂತ ಹೋಗಿರಬೇಕು. ಪಾಪದ ಪಿಸುವನ್ನೂ ಎಳೆದುಕೊಂಡು ಹೋಗಿರಬೇಕು. ಪಿಸು ಬಾಯಿ ಬಿಟ್ಟು ಮಾತಾಡಿದ್ದನ್ನು ಯಾರೂ ಕೇಳಿದವರಿಲ್ಲ. ಹಾಜರಿ ಕೂಗಿದಾಗಲೂ ಪಿಸುಮಾತಿನಲ್ಲಿ 'ಎಸ್' ಅನ್ನುವವಳು, ಅದಕ್ಕೇ ಆ ಹೆಸರು. ಅಂಥವಳು ತಾನಾಗಿ ರೈಲು ಇಳಿಯುವುದುಂಟೇ? ಹೀಗೆ ಯೋಚಿಸಿದಷ್ಟೂ ಭಯ ಸಿಟ್ಟಾಗುತ್ತ ಹೋಯಿತು. ಸಿಟ್ಟನ್ನು ಹೊತ್ತು ನಿಲ್ಲುವುದು ಭಯವನ್ನು ಹೊತ್ತು ನಿಲ್ಲುವುದಕ್ಕಿಂತ ಸುಲಭವಾಗಿತ್ತು. ಹುಡುಗರಿಗೆ ಚಿತ್ರ ಬರೆಯಲು ಹೇಳಿ, ತಾವು ಕಾಲುವೆಯ ದಾರಿಯಲ್ಲಿ ಆ ಮರದವರೆಗೆ ಹೋಗುವುದು, ತಿರುಗಿ ಬರುವುದು, ಮತ್ತೆ ಹೋಗುವುದು ಮಾಡಿದರು.

ಹೊತ್ತು ಇಳಿಯುತ್ತಿದ್ದಾಗ ಅದೇ ದಾರಿಯ ತಿರುವಿನಲ್ಲಿ ಇಬ್ಬರು ಕಂಡರು. ನಡೆದುಕೊಂಡೇ ಬರುತ್ತಿದ್ದರು. ಪಿಸುವಿನ ತೋಳು ಮಗಳ ತೋಳಿಗೆ ಹೆಣೆದುಕೊಂಡಿತ್ತು. ಇಬ್ಬರ ಬೂಟುಗಳೂ ಧೂಳು ಮೆತ್ತಿ ಒಂದೇ ಬಣ್ಣವಾಗಿದ್ದವು. ಹುಡುಗರು ಹೋ ಎಂದು ಕೂಗಿ ಎದ್ದರು. ಮೇಡಂ ಬಿರಬಿರನೆ ಹತ್ತಿರ ಹೋದರು. ಮೊದಲು ಬಂದ ಮಾತು ಬೇರೆಯೇ ಆಗಿತ್ತು, ಅದನ್ನು ನುಂಗಿಕೊಂಡರು.

"ನೀನು ಹೋಗಿ ಏನಾದರೂ ತಿನ್ನು ಮಗು," ಅಂದರು ಪಿಸುವಿಗೆ. ಆಮೇಲೆ ಮಗಳ ಕಡೆ ತಿರುಗಿ, ಎಲ್ಲರಿಗೂ ಕೇಳುವ ದನಿಯಲ್ಲಿ, "ಹೇಳದೆ ಗುಂಪು ಬಿಟ್ಟವರಿಗೆ ಏನು ಅಂತ ನಿನಗೆ ಗೊತ್ತಲ್ಲ? ನಾಳೆಯಿಂದ ನಿನಗೆ ತಿರುಗಾಟ ಇಲ್ಲ. ಹಾಸ್ಟೆಲಿನಲ್ಲಿ ಕೂತು ಬರಿ. ನನ್ನ ಮಗಳು ಅಂತ ಇಲ್ಲಿ ಯಾವ ರಿಯಾಯಿತಿಯೂ ಇಲ್ಲ."

ಪಿಸು ಏನೋ ಹೇಳಲು ಬಾಯಿ ತೆರೆದಳು. ಮಗಳು ಅವಳ ಕೈ ಅದುಮಿ ತಡೆದಳು. ಬಿಸಿಲಿಗೆ ಅವಳ ಮೂಗಿನ ತುದಿ ಕೆಂಪೇರಿತ್ತು.

"ರಿಯಾಯಿತಿ ಬೇಡ ಮೇಡಂ," ಅಂದಳು ಮೆಲ್ಲಗೆ. "ಆದರೆ ಬೇರೆ ಯಾರಾದರೂ ಆಗಿದ್ದಿದ್ರೆ, ಏನಾಯ್ತು ಅಂತ ಮೊದಲು ಕೇಳ್ತಿದ್ರಿ."

ಇಬ್ಬರೂ ಸಿಕ್ಕರೆಂದು ಏಣಿ ಮೇಷ್ಟ್ರಿಗೆ ಫೋನು ಮಾಡಿ, ಎಲ್ಲರೂ ವಾಪಸು ರೈಲು ಹತ್ತಿದರು. ಪಿಸು ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡು, ಮಗಳ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಮೇಡಂ ಅದನ್ನು ನೋಡಿದರು. ನೋಡಿ, ದಣಿದಿದ್ದಾಳೆ ಅಂದುಕೊಂಡರು.

ಹಾಸ್ಟೆಲಿಗೆ ಮರಳಿ ಮುಖ ತೊಳೆದುಕೊಳ್ಳುತ್ತಿದ್ದಾಗ ಬಾಗಿಲು ಬಡಿದ ಸದ್ದು. ಅದೂ ಬಡಿದಂತಿರಲಿಲ್ಲ, ಕೆರೆದಂತಿತ್ತು. ಪಿಸು ನಿಂತಿದ್ದಳು. ಕೂರು ಅಂದರೆ ಕೂರಲಿಲ್ಲ.

"ಅವಳದ್ದೇನೂ ತಪ್ಪಿಲ್ಲ ಮೇಡಂ. ನಾನೇ ಇಳಿಯಬೇಕು ಅಂದೆ. ಉಸಿರು ಸಿಕ್ತಿರಲಿಲ್ಲ. ಸತ್ತೇ ಹೋಗ್ತೀನಿ ಅನ್ನಿಸ್ತು. ಅವಳು ನನ್ನನ್ನ ಇಳಿಸಿ ಬೆಂಚಿನ ಮೇಲೆ ಕೂರಿಸಿದ್ಲು, ಅಷ್ಟರಲ್ಲಿ ರೈಲು ಹೊರಟೇ ಹೋಯ್ತು. ಆಮೇಲೆ ನನಗೆ ಯಾವ ಗಾಡೀನೂ ಹತ್ತೋಕಾಗಲಿಲ್ಲ. ಬಸ್ಸು ಬಂದ್ರೂ ಆಗಲಿಲ್ಲ. ಕಾಲುವೆ ಪಕ್ಕ ನಡೆದ್ರೆ ನೀವಿರೋ ಕಡೆ ಬಂದೇ ಬರುತ್ತೆ ಅಂತ ಅವಳೇ ಹೇಳಿದ್ಲು."

"ಇವತ್ತೇ ಹೀಗಾಯ್ತಾ?"

"ಬಂದಾಗಿಂದ. ರಾತ್ರಿ ನಿದ್ದೆ ಬರಲ್ಲ. ಬಾಗಿಲು ಹಾಕಿದ್ರೆ ಎದೆ ಹೊಡ್ಕೊಳ್ಳುತ್ತೆ. ಅವಳು ನನ್ನ ಮಂಚದ ಪಕ್ಕ ನೆಲದ ಮೇಲೆ ಮಲಗ್ತಾಳೆ, ಕೈ ಹಿಡ್ಕೊಂಡು."

ಹಾಗಾದರೆ ಮಗಳ ಆ ಕೆಂಪು ಕಣ್ಣುಗಳು. ಮೇಡಂ ಟವೆಲನ್ನು ಮಡಿಸಿದರು, ಬಿಚ್ಚಿದರು. "ನನಗೆ ಯಾಕೆ ಹೇಳಲಿಲ್ಲ ನೀನು?"

ಪಿಸು ನೆಲ ನೋಡಿದಳು. ದನಿ ಇನ್ನೂ ಇಳಿಯಿತು. ಮೇಡಂ ಬಗ್ಗಿ ಕೇಳಬೇಕಾಯಿತು.

"ಹೇಳೋಣ ಅಂತ ಬಂದಿದ್ದೆ ಮೇಡಂ. ನೀವು ಹೂಂ ಹೂಂ ಅಂತಿದ್ರಿ. ಆದರೆ ನನ್ನ ಹಿಂದುಗಡೆ ನೋಡ್ತಿದ್ರಿ. ಅವಳು ನಿಂತಿದ್ದ ಕಡೆ."

ಮೇಡಂ ಟವೆಲು ಕೆಳಗಿಟ್ಟರು. ಅವಳ ಬೆನ್ನ ಮೇಲೆ ಕೈಯಿಟ್ಟರು. ಅಂಗಿಯೊಳಗೆ ಆ ಪುಟ್ಟ ಬೆನ್ನು ಹಕ್ಕಿಯ ಮೈಯಂತೆ ಬಡಿದುಕೊಳ್ಳುತ್ತಿತ್ತು. ಈ ಮಗುವನ್ನು ನಂಬಿ ಕಳಿಸಿದ ತಂದೆತಾಯಿ ವಿಮಾನ ನಿಲ್ದಾಣದಲ್ಲಿ ತಮ್ಮ ಎರಡೂ ಕೈ ಹಿಡಿದುಕೊಂಡಿದ್ದು ನೆನಪಾಯಿತು.

ಹಾಸ್ಟೆಲಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳಿದ್ದವು. ಮಗಳು ಒಂದರ ಮೇಲೆ ಹತ್ತಿ ಕೂತು ಕಾಲು ಆಡಿಸುತ್ತಿದ್ದಳು. ಅಮ್ಮನನ್ನು ಕಂಡು ಇಳಿದಳು.

"ಪಿಸು ಬಂದಿದ್ದಳು," ಅಂದರು ಮೇಡಂ.

"ಗೊತ್ತು. ನಾನೇ ಕಳಿಸಿದ್ದು. ಅದು ಅವಳ ವಿಷಯ, ನಾನು ಹೇಳೋ ಹಾಗಿರಲಿಲ್ಲ."

"ಶಿಕ್ಷೆ ಗಿಕ್ಷೆ ಏನೂ ಇಲ್ಲ. ಬೆಳಿಗ್ಗೆ ಎಲ್ಲರ ಮುಂದೆಯೂ ಹೇಳ್ತೀನಿ. ನಾನು ಕೇಳದೆ ಮಾತಾಡಿದೆ."

ಮಗಳು ಭುಜ ಕುಣಿಸಿದಳು. ಯಂತ್ರ ಗಡಗಡ ಅದುರಿ ಮತ್ತೆ ತಣ್ಣಗಾಯಿತು.

"ಅವಳು ಮನೆಗೆ ಹೋಗ್ಬೇಕು," ಅಂದಳು. "ಇನ್ನು ತಡೆಯೋಕಾಗಲ್ಲ ಅವಳ ಕೈಲಿ. ನಾನು ಕರ್ಕೊಂಡು ಹೋಗ್ತೀನಿ."

"ನೀನ್ಯಾಕೆ? ಸರ್ ಹೋಗಿ ಬಿಟ್ಟುಬರ್ತಾರೆ. ಇಲ್ಲಾಂದ್ರೆ ಅವಳ ಅಪ್ಪ ಬರಲಿ."

"ಅವಳಪ್ಪ ಬರೋಕೆ ವೀಸಾ ಅದು ಇದು ಅಂತ ತಿಂಗಳೇ ಮುಗಿಯುತ್ತೆ. ಸರ್ ಜೊತೆ ಅವಳು ಒಂದು ಮಾತೂ ಆಡಲ್ಲ. ವಿಮಾನದಲ್ಲಿ ಉಸಿರು ಕಟ್ಟಿದ್ರೆ ಅವರಿಗೆ ಹೇಳ್ತಾಳಾ?"

"ನಿನ್ನ ಕೋರ್ಸು?"

"ಹೋದ್ರೆ ಹೋಯ್ತು."

"ಹಾಗಂದ್ರೆ ಹೇಗೆ? ಅರ್ಧ ಮುಗಿದಿದೆ. ಎಷ್ಟು ಆಸೆಪಟ್ಟು ಬಂದೆ."

ಮಗಳು ಅಮ್ಮನ ಮುಖವನ್ನೇ ನೋಡಿದಳು. ಎಷ್ಟೋ ದಿನಗಳ ಮೇಲೆ ಹಾಗೆ ನೇರ ನೋಡಿದ್ದಳು. "ನಾನು ಕಾಲುವೆ ನೋಡೋಕೆ ಬರಲಿಲ್ಲ," ಅಂದಳು. "ಪ್ರತಿ ಬೇಸಿಗೆ ನೀನು ಹೋಗ್ತಿದ್ದೆ. ವಾಪಸ್ ಬಂದು ಫೋಟೋ ತೋರಿಸ್ತಿದ್ದೆ. ಎಲ್ಲಾದ್ರಲ್ಲೂ ಯಾರ್ಯಾರ ಮಕ್ಕಳೋ ನಿನ್ನ ಸುತ್ತ ಕೂತಿರ್ತಿದ್ರು, ನೀನು ಕೈ ಆಡಿಸಿ ಏನೋ ಹೇಳ್ತಿದ್ದೆ, ಅವರೆಲ್ಲ ನಗ್ತಿದ್ರು. ಅಲ್ಲಿ ಹೇಗಿರ್ತೀಯ ಅಂತ ನೋಡ್ಬೇಕಿತ್ತು."

"ನೋಡಿದ್ಯಲ್ಲ," ಅಂದರು ಮೇಡಂ.

"ಎಲ್ಲಿ? ನಾನಿದ್ದೆ ಅಂತ ನೀನು ಹಾಗಿರಲೇ ಇಲ್ಲ."

ಯಂತ್ರ ನಿಂತಿತು. ಮಗಳು ಒದ್ದೆ ಬಟ್ಟೆಗಳನ್ನು ಬುಟ್ಟಿಗೆ ಎಳೆದು ಹಾಕತೊಡಗಿದಳು. ಅವುಗಳಲ್ಲಿ ಅರ್ಧ ಪಿಸುವಿನವು. ಮೇಡಂ ಬಗ್ಗಿ, ಕೆಳಗೆ ಬಿದ್ದ ಕಾಲುಚೀಲವೊಂದನ್ನು ಎತ್ತಿ ಬುಟ್ಟಿಗೆ ಹಾಕಿದರು.

ಮರುದಿನ ಎಲ್ಲ ಚಕಚಕ ನಡೆಯಿತು. ವೈದ್ಯರು ನೋಡಿ, ಪಯಣಕ್ಕೆಂದು ಗುಳಿಗೆ ಬರೆದುಕೊಟ್ಟು, ಮನೆಗೆ ಕಳಿಸುವುದೇ ಒಳ್ಳೆಯದೆಂದರು. ಪಿಸುವಿನ ತಾಯಿ ಫೋನಿನಲ್ಲಿ ಅಳುತ್ತ "ನಿಮ್ಮ ಮಗಳೇ ಬರ್ತಿದಾಳಾ? ಹಾಗಾದ್ರೆ ಧೈರ್ಯ" ಅಂದರು. ವಿಶ್ವವಿದ್ಯಾಲಯ ಒಪ್ಪಿತು. ಬೆಳಗಿನ ತರಗತಿಯಲ್ಲಿ ಮೇಡಂ ಎದ್ದು ನಿಂತು, ಹಿಂದಿನ ದಿನ ತಾವು ಏನಾಯಿತೆಂದು ಕೇಳದೆ ಶಿಕ್ಷೆ ಕೊಟ್ಟದ್ದು ತಪ್ಪೆಂದೂ, ನಿಮ್ಮಲ್ಲಿ ಯಾರಿಗೇ ಮೈ ಮನಸ್ಸು ಸರಿಯಿಲ್ಲದಿದ್ದರೆ ತಾವು ಕಿವಿಗೊಡುವವರೆಗೂ ಬಿಡದೆ ಹೇಳಬೇಕೆಂದೂ ಹೇಳಿದರು. ಹುಡುಗರು ಕೂತಲ್ಲೇ ಮಿಸುಕಾಡಿದರು. ಮಗಳು ಅಲ್ಲಿರಲಿಲ್ಲ; ಮಹಡಿಯಲ್ಲಿ ಪಿಸುವಿನ ಪೆಟ್ಟಿಗೆ ಕಟ್ಟುತ್ತಿದ್ದಳು.

ವಿಮಾನ ನಿಲ್ದಾಣಕ್ಕೆ ಹೋಗುವ ಬಸ್ಸು ಚೌಕದಿಂದ ಹೊರಡುತ್ತಿತ್ತು. ಗುಳಿಗೆ ತೆಗೆದುಕೊಂಡಿದ್ದರೂ ಪಿಸು ಬಸ್ಸಿನ ಬಾಗಿಲಲ್ಲಿ ನಿಂತುಬಿಟ್ಟಳು. ಹಿಂದಿನವರು ಗೊಣಗಿದರು. ಮಗಳು ಅವಳ ಕಿವಿಯ ಹತ್ತಿರ ಏನೋ ಹೇಳಿದಳು, ತಾನು ಮೊದಲು ಹತ್ತಿ ಕೈ ಚಾಚಿದಳು. ಮೇಡಂ ಒಂದು ಹೆಜ್ಜೆ ಮುಂದಿಟ್ಟರು. ಆಮೇಲೆ ಅಲ್ಲೇ ನಿಂತರು. ಪಿಸು ಹತ್ತಿದಳು.

"ಅಪ್ಪ ಬರ್ತಾರೆ ಕರ್ಕೊಂಡು ಹೋಗೋಕೆ," ಅಂದರು ಮೇಡಂ ಕೆಳಗಿನಿಂದ, ಆಗಲೇ ಹೇಳಿದ್ದನ್ನೇ. "ಇಳಿದ ತಕ್ಷಣ ಫೋನ್ ಮಾಡು."

"ಹೂಂ," ಅಂದಳು ಮಗಳು.

ಸೀಟಿನಲ್ಲಿ ಕೂತ ಸ್ವಲ್ಪ ಹೊತ್ತಿಗೇ ಗುಳಿಗೆಯ ಮಂಪರು ಎಳೆದು, ಪಿಸುವಿನ ತಲೆ ಮಗಳ ಹೆಗಲಿಗೆ ವಾಲಿತು. ಕಿಟಕಿಯ ಕಡೆಯಿಂದ ಬಿಸಿಲು ನೇರ ಪಿಸುವಿನ ಮುಖಕ್ಕೆ ಹೊಡೆಯುತ್ತಿತ್ತು. ಮಗಳು ಹೆಗಲು ಅಲುಗಿಸದೆ, ಇನ್ನೊಂದು ಕೈಯಿಂದ ಪರದೆ ಎಳೆಯಲು ನೋಡಿದಳು. ಪರದೆ ಸಿಕ್ಕಿಕೊಂಡಿತ್ತು. ಮತ್ತೆ ಎಳೆದಳು, ಬರಲಿಲ್ಲ. ಬಸ್ಸು ಹೊರಟಿತು. ಅವಳು ಅಂಗೈಯನ್ನು ಅಗಲಿಸಿ ಕಿಟಕಿಯ ಗಾಜಿಗೆ ಒತ್ತಿದಳು.

ಮೇಡಂ ಥಟ್ಟನೆ ಕೈಯೆತ್ತಿ ಬೀಸಿದರು. ಆಮೇಲೆ, ಮಗಳು ಇತ್ತ ನೋಡುತ್ತಿಲ್ಲವೆಂದೂ, ಆ ಅಂಗೈಯ ನೆರಳು ಪಿಸುವಿನ ಮುಚ್ಚಿದ ಕಣ್ಣುಗಳ ಮೇಲೆ ಬಿದ್ದಿದೆಯೆಂದೂ ಕಂಡಿತು. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಹಿಡಿದು ನಿಂತರು.

ಬಸ್ಸು ಚೌಕ ಸುತ್ತಿ ಎತ್ತರದ ಕಟ್ಟಡದ ನೆರಳಿಗೆ ಹೊಕ್ಕಿತು. ಕಿಟಕಿಯ ಮೇಲಿನ ಬಿಸಿಲು ಆರಿತು. ಅಂಗೈ ಇನ್ನೂ ಗಾಜಿನ ಮೇಲೇ ಇತ್ತು.