ಸುತ್ತುದಾರಿಗೆ ಮೂರು ಕಾರಣ

ಅನುಮಾನ ಪಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ವಿಮೆ ಕಂಪನಿಯಲ್ಲಿ ನಷ್ಟ ಪರಿಶೀಲನೆ ನನ್ನ ಕೆಲಸ. ಅಡುಗೆಮನೆ ಸುಟ್ಟಿತು, ಪೈಪು ಒಡೆದು ಸೋಫಾ ಹಾಳಾಯಿತು ಎಂದು ಜನ ಪರಿಹಾರ ಕೇಳುತ್ತಾರೆ. ನಾನು ಹೋಗಿ, ಮಸಿ ಹಿಡಿದ ಗೋಡೆ ಮೂಸಿ, ಅವರ ಕತೆ ಕೇಳಿ, ನಿಜವೋ ಬುರುಡೆಯೋ ಹೇಳಬೇಕು. ಇಷ್ಟು ವರ್ಷದಲ್ಲಿ ಒಂದು ಸೂತ್ರ ನನಗೆ ಕೈಕೊಟ್ಟಿಲ್ಲ. ನಿಜ ಹೇಳುವವರ ಹತ್ತಿರ ಒಂದೇ ಕಾರಣ ಇರುತ್ತದೆ. ಸುಳ್ಳು ಹೇಳುವವರು ಮೂರು ಕೊಡುತ್ತಾರೆ, ಒಂದು ಬಿದ್ದರೆ ಇನ್ನೊಂದು ಇರಲಿ ಅಂತ.

ಈ ಸೂತ್ರವನ್ನು ಊಟಕ್ಕೆ ಕೂತಾಗಲೆಲ್ಲ ಗಂಡನ ಕಿವಿಗೆ ಹಾಕಿದ್ದೇನೆ. ಅವರು ಹಲ್ಲಿನ ಸೆಟ್ಟು ಮಾಡುವವರು. ಹಗಲೆಲ್ಲ ಯಾರ ಯಾರದೋ ದವಡೆಯ ಅಚ್ಚು ಉಜ್ಜುತ್ತ ಕೂರುವುದರಿಂದಲೋ ಏನೋ, ತಾವು ಬಾಯಿ ಬಿಡುವುದು ಕಡಿಮೆ. 'ಆಯ್ತು ಪತ್ತೇದಾರಿ' ಎಂದು ತಟ್ಟೆ ತೊಳೆಯಲು ಎದ್ದುಬಿಡುತ್ತಾರೆ.

ಮಗಳು ಕೆಲಸಕ್ಕೆ ಸೇರಿದ ಮೇಲೆ ನಾವಿಬ್ಬರೇ ಎಲ್ಲಾದರೂ ಹೋಗೋಣ ಎಂದಾಯಿತು. ಆಲ್ಪ್ಸ್ ಪರ್ವತ, ಮೂರು ದೇಶ, ಬರೀ ರೈಲಿನಲ್ಲಿ. ಜೊತೆಯಾಗಿ ಗಡಿ ದಾಟುವುದು ನಮಗೆ ಅದೇ ಮೊದಲು. ಅವರು ರೈಲು ದಾರಿಗಳ ದೊಡ್ಡ ನಕ್ಷೆಯೊಂದನ್ನು ತಂದು ಊಟದ ಮೇಜಿನ ಮೇಲೆ ಹರಡಿದರು. ಮೊದಲ ದೇಶದ ಗೆರೆ ಚೆನ್ನಾಗಿಯೇ ಹೋಯಿತು. ಎರಡನೆಯದಕ್ಕೆ ದಾಟುವಲ್ಲಿ, ನೇರ ಹೋಗುವ ವೇಗದ ರೈಲು ಕಣ್ಣೆದುರಿಗೇ ಇದ್ದರೂ, ಅವರ ಪೆನ್ಸಿಲ್ಲು ಪಕ್ಕಕ್ಕೆ ತಿರುಗಿತು. ಬೆಟ್ಟದ ಬುಡ ಬಳಸಿ, ಎಲ್ಲೆಲ್ಲೋ ರೈಲು ಬದಲಿಸಿ, ಸರೋವರದ ದಂಡೆಯ ಒಂದು ಪುಟ್ಟ ಊರಲ್ಲಿ ಬಂದು ನಿಂತಿತು. ಅಲ್ಲಿ ರಾತ್ರಿ ತಂಗುವುದಂತೆ.

"ಇದ್ಯಾಕ್ರೀ ಸುತ್ತು? ಮೂಗು ಮುಟ್ಟೋಕೆ ತಲೆ ಸುತ್ತಿ ಕೈ ತರ್ತಿದ್ದೀರಲ್ಲ?"

"ಈ ಕಡೆ ನೋಟ ಚೆನ್ನಾಗಿರುತ್ತಂತೆ," ಎಂದರು. ನಾನು ನಕ್ಷೆಯಿಂದ ಕಣ್ಣೆತ್ತಿ ಅವರನ್ನು ನೋಡಿದೆ. "ಜನ ಕಡಿಮೆ ಅಂತೆ." ನೋಡುತ್ತಲೇ ಇದ್ದೆ. "ಮತ್ತೆ... ಟಿಕೆಟ್ಟೂ ಅಗ್ಗ."

ಮೂರು! ಪಾಪ, ನನ್ನ ಕೈಲೇ ಪಾಠ ಹೇಳಿಸಿಕೊಂಡ ಮನುಷ್ಯ. ನನ್ನ ಕಿವಿ ನೆಟ್ಟಗಾಯಿತು.

ಮಾರನೇ ದಿನ ನಾದಿನಿ ಫೋನು ಮಾಡಿದಾಗ ಮಾತಿಗೆ ಮಾತು ಬಂದು ಆ ಊರಿನ ಹೆಸರು ಹೇಳಿದೆ. ಆ ಕಡೆ ಕಿಸಕ್ಕನೆ ನಗು. "ಅಯ್ಯೋ ಅತ್ತಿಗೆ, ಅಣ್ಣ ಭಲೇ ಕಿಲಾಡಿ! ಕಾಲೇಜಲ್ಲಿ ಕೊಳಲು ಊದ್ತಿದ್ಲಲ್ಲ ಒಬ್ಳು, ಅಣ್ಣ ಅವಳ ಹಿಂದೆ ಹಿಂದೇನೇ ಸುತ್ತುತ್ತಿದ್ದ. ಅವಳು ಮದುವೆಯಾಗಿ ಹೋಗಿ ಸೇರಿರೋದು ಅದೇ ಊರಂತೆ. ತಮಾಷೆಗಂದೆ, ಮನಸ್ಸಿಗೆ ಹಚ್ಕೋಬೇಡಿ."

ತಲೆಯೊಳಗೆ ಹುಳ ಬಿಟ್ಟು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರೆ ಹುಳ ಕೇಳುತ್ತದೆಯೇ? ಅವತ್ತಿನಿಂದ ಮನೆಯೇ ನನ್ನ ಪರಿಶೀಲನೆಯ ಜಾಗವಾಯಿತು. ನಾನು ಕೋಣೆಗೆ ಬಂದರೆ ಅವರು ನಕ್ಷೆ ಮಡಚುತ್ತಿದ್ದರು. ಕನ್ನಡಿ ಮುಂದೆ ನಿಂತು ಹೊಸ ಕೋಟು ಹಾಕಿ ನೋಡುತ್ತಿದ್ದರು. ಒಂದು ಸಂಜೆ ಬಟ್ಟೆ ಒಣಹಾಕಲು ಹೋದಾಗ ಬಾಲ್ಕನಿಯಲ್ಲಿ ಅವರು ಬಾಯಿಗೆ ಕೈ ಅಡ್ಡ ಹಿಡಿದು ಫೋನಿನಲ್ಲಿ ಹೇಳುತ್ತಿದ್ದದ್ದು ಕೇಳಿಸಿತು.

"ಹೊತ್ತಾದ್ರೂ ಪರವಾಗಿಲ್ಲ, ಆ ಕಡೆಯಿಂದಾನೇ ಆಗ್ಲಿ. ಅವಳಿಗೆ ಮಾತ್ರ ಗೊತ್ತಾಗೋದು ಬೇಡ."

ಒದ್ದೆ ಟವೆಲ್ ಹಿಡಿದು ಹಾಗೇ ನಿಂತುಬಿಟ್ಟೆ. ಬೇರೆಯವರ ಸುಟ್ಟ ಮನೆಯಲ್ಲಿ ನಿಂತಾಗ ನನಗೆ ಏನೂ ಅನ್ನಿಸುವುದಿಲ್ಲ. ಅವತ್ತು ಸುಟ್ಟಿದ್ದು ನನ್ನ ಮನೆ. ಇಷ್ಟು ವರ್ಷ ಒಂದೇ ಮೇಜಿನಲ್ಲಿ ಉಂಡವರು, ನನ್ನ ಪಕ್ಕದಲ್ಲೇ ಕೂತು ಅವಳ ಊರಿಗೆ ಗೆರೆ ಎಳೆದರಲ್ಲ ಎಂದು ಹೊಟ್ಟೆ ಉರಿಯಿತು. ಕೇಳಿಬಿಡಬಹುದಿತ್ತು. ಕೇಳಿದರೆ ಮತ್ತೆ ಮೂರು ಕಾರಣ ಬರುತ್ತಿತ್ತು ಅಷ್ಟೆ.

ನೇರ ಟ್ರಾವೆಲ್ ಏಜೆಂಟನ ಕಚೇರಿಗೆ ಹೋದೆ. ಅದು ಕಟ್ಟಡದ ತುತ್ತತುದಿಯಲ್ಲಿತ್ತು. ಏದುಸಿರು ಬಿಡುತ್ತಾ ಒಳಗೆ ಬಂದ ನನ್ನನ್ನು ಕಂಡು ಆತ ನೀರು ತರಿಸಿದ. "ಲಿಫ್ಟ್ ಇದೆಯಲ್ಲ ಮೇಡಂ?"

"ಮಂಡಿಗೆ ಮೆಟ್ಟಿಲು ಒಳ್ಳೇದು. ನಿಮ್ಮ ಲಿಫ್ಟು ಬರೋದೂ ನಿಧಾನ. ಬೆಳಿಗ್ಗೆ ವಾಕಿಂಗ್ ಬೇರೆ ತಪ್ಪಿತ್ತು," ಎಂದು ವಿಷಯಕ್ಕೆ ಬಂದೆ. ಸರೋವರದ ಊರು ರದ್ದು, ನೇರ ಹೋಗುವ ವೇಗದ ರೈಲಿಗೆ ಎರಡು ಟಿಕೆಟ್ಟು.

ಆತ ಪೆನ್ನು ಕಚ್ಚಿದ. "ಸರ್ ಆ ದಾರೀನೇ ಬೇಕು ಅಂತ ಎಷ್ಟು ಸಲ ಹೇಳಿದ್ರು... ಅವರನ್ನೊಂದು ಮಾತು ಕೇಳ್ಲಾ? ಇದು ಆಮೇಲೆ ವಾಪಸ್ ಆಗಲ್ಲ ಮೇಡಂ."

"ಆಗ್ಬೇಕಾಗೂ ಇಲ್ಲ," ಎಂದೆ. ಇವನೂ ಅವರ ಕಡೆಯವನೇ ಎಂದು ಮನಸ್ಸಿನಲ್ಲೇ ಬರೆದುಕೊಂಡೆ.

ಮನೆಗೆ ಬಂದು ಟಿಕೆಟ್ಟುಗಳನ್ನು ನಕ್ಷೆಯ ಮೇಲೆ, ಸರಿಯಾಗಿ ಆ ಊರಿನ ಮೇಲೇ ಇಟ್ಟೆ. ಅವರು ಓದಿದರು. ಮುಖ ಬಿಳಿಚಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಸಿಕ್ಕಿಬಿದ್ದರು ಎಂದುಕೊಂಡೆ.

"ನೇರ ರೈಲು ತಗೊಂಡ್ಯಾ? ಇದು ಬೆಟ್ಟದ ಕೆಳಗೆ ಹೋಗುತ್ತೆ ಕಣೇ."

"ಹೋಗ್ಲಿ ಬಿಡಿ. ನಿಮ್ಮ ಕೊಳಲಿನವಳಿಗೆ ಬೇಜಾರಾಗುತ್ತೇನೋ."

"ಯಾವ ಕೊಳಲು?" ಎಂದರು. ನಾದಿನಿ ಹೇಳಿದ್ದನ್ನೆಲ್ಲ ಅವರ ಮುಂದೆ ಸುರಿದೆ, ಬಾಲ್ಕನಿಯ ಮಾತನ್ನೂ. ಅವರು ಕುರ್ಚಿ ಎಳೆದುಕೊಂಡು ಕೂತರು. "ಅವಳು ಅಲ್ಲಿದಾಳಾ? ನಂಗೆ ಗೊತ್ತೇ ಇಲ್ಲ. ನಾನು ಫೋನಲ್ಲಿ ಮಾತಾಡ್ತಿದ್ದಿದ್ದು ಏಜೆಂಟ್ ಹತ್ರ." ಆಮೇಲೆ ಟಿಕೆಟ್ಟು ಸರಿಸಿ ನಕ್ಷೆಯನ್ನು ನನ್ನ ಕಡೆ ತಿರುಗಿಸಿದರು.

ನೇರ ದಾರಿಯ ಮೇಲೆ ಉದ್ದಕ್ಕೂ ಪೆನ್ಸಿಲ್ಲಿನಲ್ಲಿ ಕಾಟು ಹೊಡೆದಿದ್ದರು. ಬೇರೆ ಕಡೆಗಳಲ್ಲೂ ಅಂಥ ಗುರುತುಗಳಿದ್ದವು. ಎಲ್ಲಾ ಉದ್ದನೆಯ ಸುರಂಗಗಳು. ಅವರ ಗೆರೆ ಅವುಗಳನ್ನು ಒಂದೊಂದಾಗಿ ತಪ್ಪಿಸಿಕೊಂಡು ಬಯಲಿನಲ್ಲೇ, ನೀರಿನ ಪಕ್ಕದಲ್ಲೇ ಸಾಗಿತ್ತು. ಆ ಪುಟ್ಟ ಊರು ದಾರಿಯಲ್ಲಿ ಬಂದಿತ್ತು, ಅಷ್ಟೆ.

"ಸುರಂಗ ಇದ್ರೆ ಏನೀಗ?" ಎಂದೆ. ದನಿ ನನ್ನದಲ್ಲ ಅನ್ನಿಸಿತು.

"ನೀನು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದಾಗ್ಲೆಲ್ಲ ನಂಗೆ ಮೂರು ಕಾರಣ ಹೇಳ್ತೀಯ," ಎಂದರು. "ಮಂಡಿ, ನಿಧಾನ, ವಾಕಿಂಗು. ನಿನ್ನ ಸೂತ್ರಾನೇ ಅಲ್ವಾ? ಕೇಳಿದ್ರೆ ಕಚ್ತೀಯ ಅಂತ ಸುಮ್ಮನಿದ್ದೆ."

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಗೋದಾಮು ಪರಿಶೀಲಿಸುತ್ತಿದ್ದಾಗ ಹೊರಗಿನಿಂದ ಬಾಗಿಲು ಹಾಕಿಕೊಂಡಿತ್ತು. ಯಾರೋ ಬಂದು ತೆಗೆಯುವ ತನಕ ಆ ಕತ್ತಲಲ್ಲಿ ಕಿರುಚಿಕೊಂಡಿದ್ದೆ. ಅವತ್ತಿನಿಂದ ಮುಚ್ಚಿದ ಜಾಗ ಎಂದರೆ ನನಗಾಗದು. ಸುಟ್ಟ ಮನೆಗಳಿಗೆ ನುಗ್ಗುವವಳಿಗೆ ಇಂಥ ಭಯವೇ ಎಂದು ನಾಚಿಕೆಯಾಗಿ ಯಾರಿಗೂ ಹೇಳಿರಲಿಲ್ಲ. ಅವರಿಗೂ ಹೇಳಿರಲಿಲ್ಲ. ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆಂದು ಮನೆಯೆಲ್ಲ ಮೂಸಿದೆನಲ್ಲ, ಮುಚ್ಚಿಟ್ಟಿದ್ದವಳು ನಾನು.

ಅವರು ಟಿಕೆಟ್ಟುಗಳನ್ನು ಎತ್ತಿಕೊಂಡರು. "ದುಡ್ಡು ವಾಪಸ್ ಬರಲ್ಲ. ಏನ್ಮಾಡೋಣ, ಇದರಲ್ಲೇ ಹೋಗೋಣ್ವಾ?"

ಹೋಗೋಣ, ಬೇಗ ತಲುಪುತ್ತೆ ಎನ್ನಲು ಬಾಯಿ ತೆರೆದೆ. ರೈಲು ಬದಲಿಸೋ ತಾಪತ್ರಯ ಇಲ್ಲ, ಆಗಲೇ ಕೊಂಡಾಗಿದೆ. ಎಲ್ಲ ನಾಲಿಗೆಯ ತುದಿಯಲ್ಲೇ ಸಾಲಾಗಿ ನಿಂತಿದ್ದವು.

"ಬೇಡ ರೀ," ಎಂದೆ. "ನಿಮ್ಮ ದಾರೀಲೇ ಹೋಗೋಣ. ನಂಗೆ ಭಯ ಆಗುತ್ತೆ."

ಅವರು ಎರಡನೇ ಕಾರಣ ಕೇಳಲಿಲ್ಲ.