ಭೀಮಶಿ ಒಯ್ದ ಬುಖಾರಿ

ನಾನು ಒಂದು ಬುಖಾರಿ. ಚಳಿಸೀಮೆಯ ತಗಡಿನ ಒಲೆ. ಹೊಟ್ಟೆಗೆ ಕಟ್ಟಿಗೆ ಹಾಕಿದರೆ ಕೋಣೆಯೆಲ್ಲ ಕಾಯುತ್ತದೆ, ನೆತ್ತಿಯ ಕೊಳವೆಯಿಂದ ಹೊಗೆ ಮಾಡಿನಾಚೆ ಹೋಗುತ್ತದೆ. ರಸ್ತೆಗೆ ಡಾಂಬರು ತಂದು ಬರಿದಾದ ಪೀಪಾಯಿಯೊಂದನ್ನು ಲಡಾಖಿನ ಲೇಹ್ ಪೇಟೆಯ ಕಾಶ್ಮೀರಿ ತಗಡುಗಾರ ಕತ್ತರಿಸಿ, ಬಡಿದು ನನ್ನನ್ನು ಮಾಡಿದ. ಮೊದಲ ಬೆಂಕಿಗೆ ಮೈಯೆಲ್ಲ ಡಾಂಬರು ನಾರಿತು. ಮೂಗು ಮುಚ್ಚಿಕೊಳ್ಳದೆ ಕೊಂಡವಳು ಕಸ್ತೂರಿ.

ಹುಕ್ಕೇರಿ ಕಡೆಯ ಹೆಣ್ಣುಮಗಳು. ಗಂಡ ಅಪ್ಪಾಸಾಬ ಮಿಲಿಟರಿ ಬಿಟ್ಟ ಮೇಲೆ ಲೇಹ್‌ನಲ್ಲೇ ಉಳಿದು ಲಾರಿ ಓಡಿಸುತ್ತಿದ್ದ. ಅವನ ಅಣ್ಣ ಭೀಮಶಿ ಪೇಟೆಯಲ್ಲಿ ಕನ್ನಡದ ಜವಾನರಿಗೆ, ಲಾರಿಯವರಿಗೆ ಊಟದ ಮೆಸ್ ಇಟ್ಟಿದ್ದ. ತಾಯಿ ತಂಗೆವ್ವ ಕಿರಿಯ ಮಗನ ಮನೆಯಲ್ಲಿ, ಅಂದರೆ ಕಸ್ತೂರಿಯ ಹತ್ತಿರ ಇದ್ದಳು. ನನ್ನ ಪಕ್ಕದ ಮೂಲೆಯೇ ಆ ಮುದುಕಿಯ ಹಾಸಿಗೆ. ಅವಳಿಗೆ ಉಬ್ಬಸ. ನಾನು ಉರಿಯುತ್ತಿದ್ದರೆ ಅವಳ ಉಸಿರು ಸಲೀಸು.

ಆ ಚಳಿಗಾಲ ಹಿಮ ಬಿದ್ದು ಘಾಟಿಯ ರಸ್ತೆ ಬೇಗ ಮುಚ್ಚಿ, ಅಪ್ಪಾಸಾಬ ಲಾರಿಯೊಂದಿಗೆ ಶ್ರೀನಗರದ ಕಡೆ ಸಿಕ್ಕಿಕೊಂಡ. ಕಸ್ತೂರಿ ನೀರಿಗೆ ಹೋದ ಹೊತ್ತು ನೋಡಿ ಭೀಮಶಿ ಬಂದ. ಮೆಸ್ಸಿನ ಬುಖಾರಿ ತಳ ತೂತಾಗಿದೆ, ಹೊಸದು ಮಾಡಲು ಪೇಟೆಯಲ್ಲಿ ತಗಡುಗಾರರಿಲ್ಲ, ಗಿರಾಕಿ ಎದ್ದು ಹೋಗುತ್ತಿದ್ದಾರೆ, ನಾಲ್ಕು ದಿನಕ್ಕೆ ಒಯ್ಯುತ್ತೇನೆ ಎಂದ. ಮುದುಕಿ ಕೆಮ್ಮುತ್ತ ಅವನನ್ನೇ ನೋಡಿದಳು. ಅವನು ನನ್ನೊಳಗಿನ ಕೆಂಡ ಅಂಗಳಕ್ಕೆ ಸುರಿದು, ನನ್ನನ್ನು ಗೋಣಿಯಲ್ಲಿ ಸುತ್ತಿ ಹೆಗಲಿಗೇರಿಸಿದ.

ಕಸ್ತೂರಿ ಎರಡು ಸಲ ಮೆಸ್ಸಿಗೆ ಬಂದು ಕೇಳಿದಳು. ಭೀಮಶಿ ಪ್ರತಿಸಲವೂ ನಾಳೆ ಎಂದ, ಅವ್ವನಿಗೆ ಇನ್ನೊಂದು ರಜಾಯಿ ಹೊದಿಸು ಎಂದ. ಮೂರನೆಯ ಸಲ ಅವಳು ಬರಲಿಲ್ಲ. ತಂಗೆವ್ವ ತೀರಿಹೋದ ಸುದ್ದಿ ಬಂತು. ನಾನು ಅವತ್ತೂ ಯಾರದೋ ಬೂಟು ಒಣಗಿಸುತ್ತಿದ್ದೆ. ನನಗೆ ಕಾಲಿದ್ದರೆ ಅವನ ಮೆಸ್ಸಿಗೆ ಕಿಡಿ ಹಾರಿಸಿ ಹೊರಟುಬಿಡುತ್ತಿದ್ದೆ.

ಭೀಮಶಿ ನನ್ನನ್ನು ಮರಳಿಸಲಿಲ್ಲ, ಕಸ್ತೂರಿಯೂ ಬೇಸಿಗೆಯೆಲ್ಲ ಕೇಳಲು ಬರಲಿಲ್ಲ. ಮುಂದಿನ ಚಳಿಗೆ ಮನೆಯನ್ನು ಕೋಟೆಯಂತೆ ಕಟ್ಟಿದಳೆಂದು ನನಗೆ ಆಮೇಲೆ ತಿಳಿಯಿತು. ಕಿಟಕಿಗೆ ಎರಡು ಪದರು ಪ್ಲಾಸ್ಟಿಕ್ ಹೊಡೆದಳು. ಸಂದುಗಳಿಗೆ ಅತ್ತೆಯ ಹಳೆಯ ಸೀರೆ ಹರಿದು ತುರುಕಿದಳು. ಹೊಸ್ತಿಲ ಬಿರುಕಿಗೆ ಹುಲ್ಲು ಕಲಸಿದ ಮಣ್ಣು ಮೆತ್ತಿ, ನಲ್ಲಿಯ ಪೈಪಿಗೆ ಗೋಣಿತಾಟು ಸುತ್ತಿ, ಗುಂಡಿಯಲ್ಲಿ ಆಲೂಗಡ್ಡೆ, ಮೂಲಂಗಿ ಹೂತಳು. ಗೋಡೆಯೆತ್ತರ ಕಟ್ಟಿಗೆ, ಕುಳ್ಳು ಒಟ್ಟಿದಳು. ಹೊಸ ಬುಖಾರಿ ತರುತ್ತೇನೆಂದ ಗಂಡನಿಗೆ ಬೇಡ ಎಂದಳು. ತಗಡುಗಾರರು ಅಂಗಡಿ ಮುಚ್ಚಿ ಕಾಶ್ಮೀರಕ್ಕೆ ಇಳಿಯಬೇಕು, ಘಾಟಿ ಮುಚ್ಚಬೇಕು, ಭೀಮಶಿಗೆ ಬೇರೆ ಬುಖಾರಿ ಸಿಗದಂತಾಗಬೇಕು. ಅವಳು ಅದಕ್ಕೇ ಕಾಯುತ್ತಿದ್ದಳು.

ಘಾಟಿ ಮುಚ್ಚಿದ ಮರುದಿನ, ಮೆಸ್ಸು ತುಂಬಿದ ಮಧ್ಯಾಹ್ನ, ಅವಳು ಬಂದಳು. ಭೀಮಶಿಯತ್ತ ನೋಡಲೂ ಇಲ್ಲ. ಚಿಮಟದಿಂದ ನನ್ನ ಕೆಂಡಗಳನ್ನು ಒಂದೊಂದಾಗಿ ತೆಗೆದು ಬೋಗುಣಿಯ ನೀರಿಗೆ ಹಾಕಿದಳು. ಚುರ್ ಚುರ್ ಸದ್ದಿಗೆ ಉಣ್ಣುವವರ ಕೈಗಳು ನಿಂತವು.

“ಇದು ನಮ್ಮತ್ತಿ ಮಗ್ಗಲದಾಗ ಇರೂ ಬುಖಾರಿ,” ಎಂದಳು. “ಇದನ್ನ ಇಲ್ಲಿ ತಂದಿಟ್ಟದ್ದಕ್ಕ ಅವರು ಥಂಡ್ಯಾಗ ಸತ್ರು. ಗೊತ್ತಿದ್ದು ಉಣ್ರಿ.”

ಒಬ್ಬ ಮುದಿ ಹವಾಲ್ದಾರ ತಟ್ಟೆ ಸರಿಸಿ ಎದ್ದ. ಹಿಂದೆಯೇ ಉಳಿದವರೂ ಎದ್ದರು. ಗೋಣಿ ಸುತ್ತಿಸಿಕೊಂಡು ಅವಳ ಹೆಗಲ ಮೇಲೆ ಹೊರಟ ನನಗೆ ಆದ ಖುಷಿಯನ್ನು ಮುಚ್ಚಿಡಲಾರೆ.

ಮೆಸ್ಸು ಹೆಪ್ಪುಗಟ್ಟಿತು. ಪೈಪು ಒಡೆಯಿತು, ಗಿರಾಕಿ ಹತ್ತಿರ ಸುಳಿಯಲಿಲ್ಲ. ಕೆಲವೇ ದಿನಗಳಲ್ಲಿ ಭೀಮಶಿ ಹಾಸಿಗೆ ಸುತ್ತಿಕೊಂಡು ತಮ್ಮನ ಬಾಗಿಲಿಗೆ ಬಂದ. ಕಸ್ತೂರಿ ತಡೆಯಲಿಲ್ಲ. ತಂಗೆವ್ವನ ಮೂಲೆ ತೋರಿಸಿದಳು. ಅಪ್ಪಾಸಾಬ ಕಡ್ಡಿ ಗೀರಲು ಹೋದಾಗ ಮಾತ್ರ ಕೈ ಹಿಡಿದಳು.

“ಬ್ಯಾಡ್ರಿ. ಇವತ್ತ ಹಚ್ಚೂದು ಬ್ಯಾಡ.”

ಬಾಗಿಲನ್ನೂ ಅವಳೇ ತೆರೆದಿಟ್ಟಳು. ಸಂಜೆ ಇಳಿಯುವವರೆಗೆ ಮೂವರೂ ಆ ಕೊರೆಯುವ ಚಳಿಯಲ್ಲಿ ಕುಳಿತರು. ನನ್ನ ಹೊಟ್ಟೆ ತುಂಬ ಒಣ ಕಟ್ಟಿಗೆ ಇತ್ತು, ಬೆಂಕಿ ಇರಲಿಲ್ಲ. ಭೀಮಶಿಯ ಹಲ್ಲು ಕಟಕಟಿಸುವುದನ್ನು ನಾನು ಎಣಿಸುವವನಂತೆ ಕೇಳಿದೆ. ಕೊನೆಗೆ ಅವನೇ ಬಾಯಿಬಿಟ್ಟ.

“ಅವ್ವ ನನಗ ಶಾಪಾ ಹಾಕಿದ್ಲೇನು?”

ಈ ಮಾತಿಗಾಗಿಯೇ ಕಸ್ತೂರಿ ವರ್ಷವೆಲ್ಲ ಕಾದಿದ್ದಳು. ಗಂಡನಿಗೂ ಹೇಳಿರದಿದ್ದನ್ನು ಆಗ ಹೇಳಿದಳು.

“ಇಲ್ರಿ, ಬಾವಾರ. ಮೂರನೇ ಸಲ ತರಾಕ ನಾ ಹೊಂಟಿದ್ದೆ. ಅತ್ತಿಯವರು ಸೆರಗ ಹಿಡದು ನಿಂದ್ರಿಸಿದ್ರು. ‘ಭೀಮಶಿಗೆ ಸಣ್ಣಾಂವ ಇದ್ದಾಗಿಂದ ಥಂಡಿ ತಡ್ಯಾಂಗಿಲ್ಲ, ಒಲಿ ಅವನ ಕಡೇನ ಇರ್ಲಿ’ ಅಂದ್ರು.”

ಭೀಮಶಿ ಅಳಲಿಲ್ಲ. ಗೋಡೆ ಕಡೆ ಮುಖ ಮಾಡಿದ. ಅಪ್ಪಾಸಾಬ ಎದ್ದು ಬಾಗಿಲು ಮುಚ್ಚಿದ. ಆಗ ಕಸ್ತೂರಿಯೇ ನನ್ನನ್ನು ಹೊತ್ತಿಸಿದಳು. ಬೆಂಕಿ ಹತ್ತಿದ ಮೇಲೂ ಅವಳು ತಂಗೆವ್ವನ ಮೂಲೆಯನ್ನೇ ನೋಡುತ್ತ ಕೂತಳು. ಗೆದ್ದವಳ ಮುಖ ಅಷ್ಟು ಬಾಡಿರುತ್ತದೆಂದು ನಾನು ಎಣಿಸಿರಲಿಲ್ಲ.

ಅದಾಗಿ ಬಹಳ ವರ್ಷ ಕಳೆದವು. ನನ್ನ ತಳ ತುಕ್ಕು ತಿಂದು ಉದುರಿತು. ಒಳಗೆ ಹೊಸ ಬುಖಾರಿ ಬಂತು, ನಾನು ಅಂಗಳಕ್ಕೆ ಬಂದೆ. ನನ್ನೊಳಗೀಗ ಕೋಳಿ ಮೊಟ್ಟೆಯಿಡುತ್ತದೆ. ಭೀಮಶಿ ಪ್ರತಿವರ್ಷ ಮೊದಲ ಹಿಮಕ್ಕೆ ಮುಂಚೆ, ಯಾರೂ ಕರೆಯದೆ ಬಂದು, ಈ ಮನೆಯ ಕಿಟಕಿ, ಹೊಸ್ತಿಲು, ಪೈಪು ಎಲ್ಲ ಭದ್ರ ಮಾಡಿ ಹೋಗುತ್ತಾನೆ. ಕಸ್ತೂರಿ ಚಹಾ ಇಟ್ಟು ಒಳಗೆ ಹೋಗುತ್ತಾಳೆ. ಅವಳು ಕ್ಷಮಿಸಿದ್ದಾಳೋ ಇಲ್ಲವೋ ಅರಿಯೆ. ನಾನಂತೂ ಕ್ಷಮಿಸಿಲ್ಲ. ಕೆಲಸ ಮುಗಿಸಿ ದಣಿದ ಆ ಮುದುಕ ನನಗೊರಗಿ ಕೂರುತ್ತಾನೆ. ನನ್ನ ತಗಡು ಹಿಮದಂತೆ ಅವನ ಬೆನ್ನನ್ನು ಕೊರೆಯುತ್ತದೆ, ಆದರೂ ಅವನು ಸರಿದು ಕೂರುವುದಿಲ್ಲ.